ಮಡಿಕೇರಿಯ ಜುಲೈ ಮಳೆಯಲ್ಲಿ ಮಿಸ್ಟೇರ್‌ಗೆ ಲೋಹದ ಹೊಳಪು: ನನ್ನ ಅನುಭವ

ಮಳೆಗಾಲದ ಮಡಿಕೇರಿಯಲ್ಲಿ ಪ್ಲಾಸ್ಟಿಕ್ ಮಾದರಿಗಳಿಗೆ ಥಿನ್ನರ್ ಬೆರೆಸಿದ ಲ್ಯಾಕರ್ ಬಣ್ಣ ಹೊಡೆಯುವುದು ಆಗದ ಮಾತು, ಡಿಸೆಂಬರ್‌ವರೆಗೆ ಕಾಯಲೇಬೇಕು ಎಂದು ಬೆಂಗಳೂರಿನ ಅನುಭವಿ ಮಿತ್ರರು ಹೇಳುತ್ತಲೇ ಬಂದಿದ್ದರು. 1/72 ಅಳತೆಯ ನನ್ನ ಮಿಸ್ಟೇರ್ 4ಎ ಯುದ್ಧವಿಮಾನದ ಮಾದರಿ ಕಳೆದ ಜುಲೈಯ ಜಡಿಮಳೆಯಲ್ಲೇ ಪೂರ್ಣಗೊಂಡು ಕಪಾಟು ಸೇರಿರುವುದರಿಂದ, ಅದನ್ನು ಮಾಡಿದ ಬಗೆಯನ್ನು ಬರೆಯುತ್ತಿದ್ದೇನೆ.

ಈ ವಿಮಾನವನ್ನೇ ಏಕೆ ಆರಿಸಿದೆನೆಂದು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು, ತಮ್ಮದಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದನ್ನು ಹೊಡೆದುರುಳಿಸಿ ಪ್ರಾಣ ತೆತ್ತದ್ದು ಮಿಸ್ಟೇರ್‌ನಲ್ಲೇ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಆದರೆ ಬಣ್ಣ ಬಳಿಯದ ಅಲ್ಯೂಮಿನಿಯಂ ಮೈಯೆಂದರೆ ಪುಟ್ಟಿ ಹಾಕಿ ಉಜ್ಜಿದ ಪ್ರತಿಯೊಂದು ಗೆರೆಯೂ ಎದ್ದು ಕಾಣುತ್ತದೆ.

ಮೂತಿಯಲ್ಲೇ ಗಾಳಿ ಒಳಗೆಳೆಯುವ ಬಾಯಿ ಇರುವುದರಿಂದ ಭಾರ ತುಂಬಲು ಜಾಗವಿಲ್ಲ, ತುಂಬದಿದ್ದರೆ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ. ಮನೆಯ ಕೋವಿಯ ಹಳೆಯ ತೋಟೆಯಿಂದ ತೆಗೆದ ಸೀಸದ ಚರೆಯನ್ನು ಗಾಳಿಕೊಳವೆಯ ಮೇಲ್ಭಾಗದಲ್ಲಿ ಅರಲ್ಡೈಟ್‌ನಿಂದ ಅಂಟಿಸಿದೆ. ಬಿಳಿ ಅಂಟು ಬಳಸಬೇಡಿ. ಸೀಸ ಅದರೊಂದಿಗೆ ಕ್ರಮೇಣ ಉಬ್ಬಿ ಪ್ಲಾಸ್ಟಿಕ್ಕನ್ನೇ ಸೀಳುತ್ತದೆ.

ನಿಜವಾದ ಜಗಳ ಲೋಹದ ಬಣ್ಣದ ಅಡಿಗೆ ಹೊಡೆಯುವ ಹೊಳಪಿನ ಕಪ್ಪು ತಳಬಣ್ಣದಲ್ಲಿ ಶುರುವಾಯಿತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಳಿದು, ರೆಕ್ಕೆಯ ತುಂಬ ಬೂಷ್ಟು ಹಿಡಿದಂತೆ ಬಿಳಿಚು ಮೂಡಿತು. ಉಜ್ಜಿ ತೆಗೆದು ಮತ್ತೆ ಹೊಡೆದೆ, ಮತ್ತೆ ಅದೇ ಗತಿ. ಸ್ಪ್ರೇಗೆ ಗಾಳಿ ಒದಗಿಸುವ ಕಂಪ್ರೆಸರ್‌ಗೆ ನಾನೂರು ರೂಪಾಯಿಯ ನೀರು ಹಿಡಿಯುವ ಫಿಲ್ಟರ್ ಹಾಕಿದ ಮೇಲೆ ಹನಿ ಉಗುಳುವುದು ನಿಂತಿತೇ ಹೊರತು ಬಿಳಿಚು ಹೋಗಲಿಲ್ಲ. ಈ ಸುತ್ತಿನಲ್ಲಿ ಥಿನ್ನರಿಗೇ ಸುಮಾರು ಎರಡು ಸಾವಿರ ಕರಗಿತು. ಕಿಟ್ಟಿನ ಬೆಲೆಯೇ ಮೂರು ಸಾವಿರದ ಆಸುಪಾಸು.

ಕೊನೆಗೆ ಕೆಲಸ ಮಾಡಿದ್ದು ಹಳೆಯ ಮರದ ಪೆಟ್ಟಿಗೆ, 60 ವ್ಯಾಟ್‌ನ ಹಳೇ ಮಾದರಿಯ ಬಲ್ಬು ಮತ್ತು ಬಾಣಲೆಯಲ್ಲಿ ಹುರಿದು ಒಣಗಿಸಿದ, ತೇವ ಹೀರುವ ಸಿಲಿಕಾ ಜೆಲ್ ಹರಳು. ಹೊರಗೆ ತೊಂಬತ್ತು ದಾಟಿದ ಆರ್ದ್ರತೆ ಪೆಟ್ಟಿಗೆಯೊಳಗೆ ಐವತ್ತರ ಹತ್ತಿರ ಇಳಿಯುತ್ತಿತ್ತು. ಮಾದರಿಯನ್ನು ಸುಮಾರು ನಲವತ್ತು ಡಿಗ್ರಿಗೆ ಬೆಚ್ಚಗಾಗಿಸಿ, ಹೊರತೆಗೆದು, ಒಂದು ಬದಿಗೆ ಮಾತ್ರ ತೆಳುವಾಗಿ ಹೊಡೆದು, ಆವಿ ಹೋದ ಮೇಲೆ ಮತ್ತೆ ಒಳಗಿಡಬೇಕು. ಬೆಚ್ಚಗಿನ ಮೈಯ ಮೇಲೆ ತೇವ ಇಳಿಯುವುದಿಲ್ಲ. ಪೆಟ್ಟಿಗೆಯೊಳಗೇ ಸ್ಪ್ರೇ ಮಾಡಿದರೆ ಬಲ್ಬಿನ ಬಿಸಿಗೆ ಬೆಂಕಿ ಖಚಿತವೆಂದೇ ತಿಳಿಯಿರಿ. ಥಿನ್ನರಿಗೆ ನಿಧಾನವಾಗಿ ಆರುವ ರಿಟಾರ್ಡರ್ ಸೇರಿಸುತ್ತೇನೆ. ಎಷ್ಟೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ. ಕರೆಂಟ್ ಹೋದಾಗ ಇನ್ವರ್ಟರ್ ಬಲ್ಬಿಗೆ ಸಾಕಾಯಿತು, ಕಂಪ್ರೆಸರ್‌ಗೆ ಸಾಲಲಿಲ್ಲ.

ನಡುವೆ ಒಂದು ಬಾಲರೆಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿಯೂ ನೋಡಿದೆ. ಹೊಳಪು ಅಪ್ಪಟವಾಗಿತ್ತು, ಆದರೆ ಬಾಗಿದ ಕಡೆಯೆಲ್ಲ ಸುಕ್ಕುಗಟ್ಟಿದ್ದರಿಂದ ಕಿತ್ತು ಹಾಕಿದೆ. ಚಪ್ಪಟೆ ಪ್ಯಾನೆಲ್‌ಗಳಿಗೆ ಅದನ್ನು ಮುಂದೆಯೂ ಬಳಸುವವನೇ.

ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರಗಳಾದ ಡೆಕಾಲ್‌ಗಳಿಗೆ ನುಣುಪಾದ ಹೊಳಪಿನ ಮೇಲ್ಮೈ ಸಿದ್ಧವೇ ಇದ್ದುದರಿಂದ ಅಡಿಯಲ್ಲಿ ಗಾಳಿ ಉಳಿಯಲಿಲ್ಲ. ಡೆಕಾಲ್ ಮೈಗೆ ಅಂಟಿ ಕೂರಲು ಹಚ್ಚುವ ಸೆಟ್ಟಿಂಗ್ ದ್ರಾವಣದ ಬದಲು ನೀರು ಬೆರೆಸಿದ ವಿನೆಗರ್ ಹಚ್ಚಿದೆ. ಕೊಡಗಿನ ಕಪ್ಪು ಹುಳಿರಸವಾದ ಕಚಂಪುಳಿಯನ್ನೂ ಒಂದು ಹಳೆಯ ರೆಕ್ಕೆಯ ಮೇಲೆ ಪರೀಕ್ಷಿಸಿದೆ, ಕಪ್ಪು ಕಲೆ ಬಿತ್ತು. ಅದು ನಮ್ಮ ಹಂದಿಮಾಂಸದ ಪಂದಿಕರಿಗೇ ಇರಲಿ.