ಕಾರಿನ ಕೀ ಕೇಸ್ ಬದಲಿಸುತ್ತೀರಾ? ಹಳೆಯದನ್ನು ಎಸೆಯಬೇಡಿ

ರಿಮೋಟ್ ಕೀಯ ಕೇಸ್ ಒಡೆದು ಮನೆಯಲ್ಲೇ ಹೊಸದು ಹಾಕುವವರು, ಹಳೆ ಕೇಸಿನ ಮೂಲೆಮೂಲೆ ಹುಡುಕಿ ಇಮೊಬಿಲೈಸರ್ ಚಿಪ್ (ಬೇರೆ ಕೀಯಿಂದ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆಯ ಚಿಪ್) ತೆಗೆದು ಹೊಸದರಲ್ಲಿ ಕೂರಿಸಿ. ಅದು ಸುಮಾರು 12 ಮಿ.ಮೀ. ಉದ್ದದ ಸಣ್ಣ ಗಾಜಿನ ಕೊಳವೆ, ಇಲ್ಲವೇ ಪುಟ್ಟ ಕಪ್ಪು ತುಂಡು. ಪ್ಲಾಸ್ಟಿಕ್ಕಿನದೇ ಭಾಗ ಅನ್ನಿಸಿ ಕಣ್ಣಿಗೇ ಬೀಳುವುದಿಲ್ಲ. ಬಾಗಿಲು ತೆಗೆಯುವುದು ಕೀಯೊಳಗಿನ, ಬ್ಯಾಟರಿಯ ಮೇಲೆ ನಡೆಯುವ ಸರ್ಕ್ಯೂಟ್ ಬೋರ್ಡ್. ಎಂಜಿನ್ನಿಗೆ ಒಪ್ಪಿಗೆ ಕೊಡುವುದು ಈ ಚಿಪ್. ಅದಕ್ಕೆ ಬ್ಯಾಟರಿ ಬೇಡ, ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಸುರುಳಿಯಿಂದಲೇ ಶಕ್ತಿ ಸಿಗುತ್ತದೆ. ಅದಕ್ಕೇ ಚಿಪ್ ಮರೆತರೆ ಬಾಗಿಲು ಸಲೀಸಾಗಿ ತೆರೆಯುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಕ್ಷಣದಲ್ಲೇ ನಿಲ್ಲುತ್ತದೆ. ಗಾಜಿನ ಚಿಪ್ಪನ್ನು ಇಕ್ಕಳದಲ್ಲಿ ಹಿಡಿಯಲೇಬೇಡಿ, ಒಡೆದರೆ ಮುಗಿಯಿತು. ಗುಂಡುಸೂಜಿಯಿಂದ ಮೆಲ್ಲಗೆ ಎಬ್ಬಿಸಿ, ಹೊಸ ಜಾಗದಲ್ಲಿ ಅಲುಗಾಡದಂತೆ ಚೂರು ಅಂಟು ಹಾಕಿ. ಕೆಲವು ಕೀಗಳಲ್ಲಿ ಚಿಪ್ ಬೋರ್ಡಿನಲ್ಲೇ ಬೆಸುಗೆಯಾಗಿರುತ್ತದೆ, ಅಲ್ಲಿ ಹಳೆ ಬೋರ್ಡನ್ನೇ ಹೊಸ ಕೇಸಿಗೆ ಹಾಕಿದರೆ ಸಾಕು. ಇನ್ನು ಕೆಲವದರಲ್ಲಿ ಪ್ಲಾಸ್ಟಿಕ್ಕಿನೊಳಗೇ ಎರಕವಾಗಿರುತ್ತದೆ, ಅಂಥದ್ದನ್ನು ಕೆತ್ತಲು ಹೋಗದೆ ಕೀ ಮಾಡುವವರ ಹತ್ತಿರ ಒಯ್ಯಿರಿ. ಹೊಸ ಕೇಸಿನ ಜೊತೆ ಬರುವ ಬ್ಲೇಡಿಗೆ ಹಲ್ಲು ಕತ್ತರಿಸಿರುವುದಿಲ್ಲ. ಹಳೆ ಬ್ಲೇಡಿನ ಪಿನ್ ತಟ್ಟಿ ತೆಗೆದು ಅದನ್ನೇ ಹಾಕಿದರೆ ಆ ಖರ್ಚೂ ಉಳಿಯುತ್ತದೆ. ದಯವಿಟ್ಟು ಇನ್ನೊಂದು ಕೀ ಕೈಯಲ್ಲಿ ಇದ್ದಾಗಲೇ ಈ ಕೆಲಸಕ್ಕೆ ಕೂರಿ.