ಸೇನೆಯ ಮೆಡಿಕಲ್‌ನಲ್ಲಿ ಅನ್‌ಫಿಟ್ ಆದರೆ ಮುಂದೇನು ಮಾಡುವುದು?

ಬೆಂಗಳೂರಿನ ಕಬ್ಬನ್ ರೋಡಿನಲ್ಲಿ ಸೇನೆಗೆ ಆಫೀಸರ್‌ಗಳನ್ನು ಆರಿಸುವ ಸೆಲೆಕ್ಷನ್ ಸೆಂಟರಿನಲ್ಲಿ ಐದು ದಿನ ಓಡಿ, ಬರೆದು, ಮಾತಾಡಿದ ಮೇಲೆ, ಆಯ್ಕೆಯಾದವರ ಪಟ್ಟಿಯಲ್ಲಿ ನಿಮ್ಮ ಚೆಸ್ಟ್ ನಂಬರ್ ಕೂಗುತ್ತಾರೆ. ಮನೆಯಲ್ಲಿ ಅಮ್ಮ ತುಪ್ಪದ ದೀಪ ಹಚ್ಚುತ್ತಾರೆ. ಆಮೇಲೆ ಮೆಡಿಕಲ್. ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ಯಾವ ನಂಬರ್ ಕಾಣ್ತಿದೆ ಅಂತ ಕೇಳುತ್ತಾರೆ. ನನಗೆ ಬರೀ ಚುಕ್ಕಿ ಕಂಡವು.

‘ಹೋಗ್ಲಿ ಬಿಡು’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಬೇಜಾರಾಗುವಷ್ಟು ಆಗಲಿ. ಆದರೆ ಮೊದಲ ಹೆಜ್ಜೆಗೆ ತಡ ಮಾಡಬೇಡಿ.

ಆ ಹೆಜ್ಜೆ ಏನೆಂದರೆ ಕೈಗೆ ಕೊಟ್ಟ ಕಾಗದವನ್ನು ಸರಿಯಾಗಿ ಓದುವುದು. ಕಾರಣ ಏನು? ಟೆಂಪರರಿಯೋ, ಪರ್ಮನೆಂಟೋ? ಆಫೀಸರ್ ಹುದ್ದೆಯಾದರೆ ಅಪೀಲ್ ಮೆಡಿಕಲ್ ಬೋರ್ಡ್ ಮುಂದೆ ಹೋಗಲು ಸಾಮಾನ್ಯವಾಗಿ 42 ದಿನ ಸಿಗುತ್ತದೆ. ತೂಕ ಜಾಸ್ತಿ, ಕಿವಿಯಲ್ಲಿ ಗುಗ್ಗೆ, ಮೂಗಿನ ಒಳಗೋಡೆ ಸೊಟ್ಟ, ವೆರಿಕೋಸೀಲ್ (ವೃಷಣದ ರಕ್ತನಾಳ ಉಬ್ಬುವುದು), ಇವೆಲ್ಲ ಸರಿಮಾಡಿಕೊಳ್ಳಬಹುದಾದವು. ತಡಮಾಡದೆ ಒಳ್ಳೆಯ ಡಾಕ್ಟರಿಗೆ ತೋರಿಸಿ. ಅಪೀಲಿನಲ್ಲೂ ಆಗದಿದ್ದರೆ ರಿವ್ಯೂ ಬೋರ್ಡ್ ಕೇಳಬಹುದು, ಕೊಟ್ಟೇ ಕೊಡುತ್ತಾರೆ ಅಂತಿಲ್ಲ. ಬಣ್ಣಗುರುಡಿಗೆ ಮಾತ್ರ ಆಪರೇಷನ್ ಇಲ್ಲ. ಚುಕ್ಕಿ ಪುಸ್ತಕ ಬಾಯಿಪಾಠ ಮಾಡಿಸ್ತೀವಿ ಅನ್ನುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನೊಂದು ಮಾತು. ಮೂರೂ ಪಡೆಗಳ ಅಳತೆಗೋಲು ಒಂದೇ ಅಲ್ಲ. ಪೈಲಟ್ ಆಗಲು ಆಗದವರು ಗ್ರೌಂಡ್ ಡ್ಯೂಟಿಗೆ ಆಗಬಹುದು. ಬೇರೆ ಕೆಲಸದಲ್ಲಿದ್ದುಕೊಂಡೇ ಸೇರಬಹುದಾದ ಟೆರಿಟೋರಿಯಲ್ ಆರ್ಮಿಯಲ್ಲಿ ಮೆಡಿಕಲ್ ಇರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲೂ ಇದೆ.

ಎಲ್ಲ ಬಾಗಿಲೂ ಮುಚ್ಚಿತು ಅಂದುಕೊಳ್ಳೋಣ. ಬೆಂಗಳೂರಿನಲ್ಲಿರುವವರು ಒಂದು ವಿಷಯದಲ್ಲಿ ಪುಣ್ಯವಂತರು. ವಿಮಾನ ತಯಾರಿಸುವ ಎಚ್‌ಎಎಲ್ ಹುಟ್ಟಿದ್ದು ಇಲ್ಲೇ, 1940ರಲ್ಲಿ. ಸೇನೆಗೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಬಿಇಎಲ್ 1954ರಲ್ಲಿ. ಸಿ.ವಿ. ರಾಮನ್ ನಗರದ ಕಡೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಲ್ಯಾಬ್‌ಗಳೇ ಸಾಲುಸಾಲಾಗಿವೆ. ಎದುರಾಳಿಯ ಫಿರಂಗಿ ಎಲ್ಲಿಂದ ಗುಂಡು ಹಾರಿಸಿತು ಅಂತ ಲೆಕ್ಕ ಹಾಕುವ ‘ಸ್ವಾತಿ’ ರೇಡಾರ್ ರೂಪುಗೊಂಡಿದ್ದು ಅಲ್ಲಿನ ರೇಡಾರ್ ಲ್ಯಾಬ್ ಎಲ್‌ಆರ್‌ಡಿಇಯಲ್ಲಿ, ತಯಾರಿಸಿದ್ದು ಬಿಇಎಲ್. ಇಂಜಿನಿಯರಿಂಗ್ ಓದಿದವರು ಗೇಟ್ ಪರೀಕ್ಷೆ ಬರೆದು ಡಿಆರ್‌ಡಿಒದ ವಿಜ್ಞಾನಿ ಹುದ್ದೆಗೆ ಪ್ರಯತ್ನಿಸಬಹುದು. ಡಿಪ್ಲೊಮಾ, ಐಟಿಐ ಆದವರಿಗೆ ಡಿಆರ್‌ಡಿಒದ ನೇಮಕಾತಿ ಕೇಂದ್ರ ಸೆಪ್ಟಮ್ (CEPTAM) ನಡೆಸುವ ಪರೀಕ್ಷೆ ಇದೆ. ಆರ್ಟ್ಸ್, ಕಾಮರ್ಸ್‌ನವರು ಯುಪಿಎಸ್‌ಸಿ ಮೂಲಕ ಸೇನೆಯ ಲೆಕ್ಕಪತ್ರ ನೋಡುವ ಡಿಫೆನ್ಸ್ ಅಕೌಂಟ್ಸ್ ಸರ್ವಿಸ್ ಸೇರಬಹುದು. ಅಲ್ಲೂ ವೈದ್ಯಕೀಯ ಪರೀಕ್ಷೆ ಇರುತ್ತದೆ, ಆದರೆ ಅಳತೆ ಬೇರೆ. ಅರ್ಜಿ ಹಾಕುವ ಮೊದಲೇ ಅಧಿಸೂಚನೆಯಲ್ಲಿ ನಿಮ್ಮ ತೊಂದರೆಯ ಹೆಸರು ಹುಡುಕಿ ನೋಡಿ.

ಕೆಲಸ ಬಿಡಲು ಆಗದವರಿಗೆ ಗೃಹರಕ್ಷಕ ದಳ, ಪೌರರಕ್ಷಣೆ ಇವೆ. ಎರಡರ ಕಚೇರಿಯೂ ಹಲಸೂರು ಕೆರೆಯ ಬಳಿ. 2025ರ ಮೇ 7ರಂದು ಸೈರನ್ ಮೊಳಗಿಸಿ ಅಣಕು ಕವಾಯತು ಮಾಡಿದ್ದು ನೆನಪಿದೆಯಲ್ವಾ? ಅಂಥ ಕೆಲಸಕ್ಕೆ ಸ್ವಯಂಸೇವಕರು ಬೇಕು.

ನನಗೆ ಒಗ್ಗಿದ್ದು ಇದಕ್ಕಿಂತ ಸಣ್ಣ ಕೆಲಸ. ಮಾಜಿ ಸೈನಿಕರ ಪಿಂಚಣಿ ಈಗ ‘ಸ್ಪರ್ಶ್’ ಪೋರ್ಟಲಿನಲ್ಲಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲಬಹುದು. ಎಂಬತ್ತು ದಾಟಿದವರಿಗೆ ಒಟಿಪಿ, ಪಾಸ್‌ವರ್ಡ್ ಅಂದರೆ ತಲೆನೋವು. ಸೈನಿಕರ ವಿಧವೆಯರಿಗೆ ಇನ್ನೂ ಕಷ್ಟ. ಆಧಾರಿನಲ್ಲಿ ‘ಲಕ್ಷ್ಮಮ್ಮ’, ಸೇನೆಯ ದಾಖಲೆಯಲ್ಲಿ ‘ಲಕ್ಷ್ಮೀದೇವಿ’. ಇಂಥದ್ದಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗುವ ಒಬ್ಬರು ಬೇಕಷ್ಟೆ. ನಿಮ್ಮ ಬೀದಿಯಿಂದಲೇ ಶುರು ಮಾಡಿ. ಅವರ ಪಾಸ್‌ವರ್ಡ್ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಕೆಲಸವೆಲ್ಲ ಅವರ ಕಣ್ಣೆದುರೇ ಮಾಡಿ. ಬೆರಳಚ್ಚು ಸವೆದಿದ್ದರೆ ‘ಜೀವನ್ ಪ್ರಮಾಣ್’ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮುಗಿಸಬಹುದು.

ಕಳೆದ ವರ್ಷ ನಮ್ಮ ಬೀದಿಯ ಹವಾಲ್ದಾರ್ ತಾತ ಮಷಿನ್ ಮೇಲೆ ಹೆಬ್ಬೆರಳು ಒತ್ತಿ, “ಹಸಿರು ಲೈಟ್ ಬಂತಾ ಮಗಾ, ಕೆಂಪು ಬಂತಾ?” ಅಂತ ಕೇಳಿದರು.

“ಅದೊಂದು ನನ್ನ ಕೇಳಬೇಡಿ ತಾತ,” ಅಂದೆ.