ಸೀರಿಯಲ್ ಹುಡುಗರಿಗೆ ಲಿನೋ ಬ್ರೋಕಾ ಪಾಠ ಮಾಡಿದ್ದು

ದೈನಿಕ ಧಾರಾವಾಹಿ ನಿರ್ದೇಶಿಸುತ್ತೇನೆ ಎಂದರೆ ಸಿನಿಮಾದವರ ಬಾಯಿಂದ ಬರುವ ಮೊದಲ ಮಾತು "ಓ, ಸೀರಿಯಲ್ಲಾ?" ಆ 'ಓ'ದಲ್ಲೇ ಎಲ್ಲ ಇರುತ್ತದೆ. ನನ್ನ ಕೈಕೆಳಗಿನ ಸಹಾಯಕ ನಿರ್ದೇಶಕರಿಗೂ ಅದೇ ಕೀಳರಿಮೆ. ಇಲ್ಲಿ ಹೇಗೋ ಒಂದಷ್ಟು ದಿನ ದೂಡಿ ಸಿನಿಮಾಕ್ಕೆ ಹಾರಿಬಿಡಬೇಕು, ಅಲ್ಲಿಯವರೆಗೆ ಕಲಿಯುವಂಥದ್ದೇನೂ ಇಲ್ಲ ಎಂಬ ಧೋರಣೆ. ಬೈದು ಪ್ರಯೋಜನವಿಲ್ಲ ಅನ್ನಿಸಿ, ಶೂಟಿಂಗ್ ಇಲ್ಲದ ಭಾನುವಾರಗಳಲ್ಲಿ ಅವರನ್ನು ಕೂರಿಸಿಕೊಂಡು ಫಿಲಿಪ್ಪೀನ್ಸಿನ ಸಿನಿಮಾ ನಿರ್ದೇಶಕ ಲಿನೋ ಬ್ರೋಕಾನ ವೃತ್ತಿಬದುಕನ್ನೇ ಪಾಠ ಮಾಡಿದೆ.

ಬ್ರೋಕಾನೇ ಯಾಕೆ ಅಂದರೆ, ಟಿವಿ, ರಂಗಭೂಮಿ, ಬಜಾರಿನ ಸಿನಿಮಾ, ಫ್ರಾನ್ಸಿನ ಕಾನ್ ಚಿತ್ರೋತ್ಸವ ಇವು ನಾಲ್ಕೂ ಆತನಿಗೆ ಬೇರೆ ಬೇರೆ ಜಾತಿಗಳಾಗಿರಲಿಲ್ಲ. ಹುಟ್ಟಿದ್ದು 1939ರಲ್ಲಿ, ಸೊರ್ಸೊಗೊನ್ ಪ್ರಾಂತ್ಯದಲ್ಲಿ. ಯೌವನದಲ್ಲಿ ಕ್ರೈಸ್ತರ ಮಾರ್ಮನ್ ಪಂಥಕ್ಕೆ ಸೇರಿ, ಹವಾಯಿಯ ಮೊಲೊಕಾಯಿ ದ್ವೀಪದಲ್ಲಿದ್ದ ಕುಷ್ಠರೋಗಿಗಳ ವಸಾಹತಿನಲ್ಲಿ ಸೇವೆ ಮಾಡಿದವನು. ಮನಿಲಾಕ್ಕೆ ಮರಳಿ 'ಪೇಟಾ' ನಾಟಕ ತಂಡ ಸೇರಿದ. ಅವರ ರಂಗಮಂದಿರ ಇದ್ದದ್ದು ಸ್ಪ್ಯಾನಿಷರ ಕಾಲದ ಫೋರ್ಟ್ ಸ್ಯಾಂಟಿಯಾಗೊ ಕೋಟೆಯ ಪಾಳುಗೋಡೆಗಳ ನಡುವೆ, ಬಯಲಿನಲ್ಲಿ. ಅದೇ ತಂಡ ಟಿವಿಗೂ ನಾಟಕ ಮಾಡುತ್ತಿತ್ತು. ಮೊದಲ ಸಿನಿಮಾ 1970ರಲ್ಲಿ. 1991ರ ಮೇ ತಿಂಗಳಲ್ಲಿ ಕೆಸಾನ್ ಸಿಟಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಳ್ಳುವಷ್ಟರಲ್ಲಿ 60ಕ್ಕೂ ಹೆಚ್ಚು ಚಿತ್ರ ಮುಗಿಸಿದ್ದ. ವರ್ಷಕ್ಕೆ ಹತ್ತಿರ ಹತ್ತಿರ ಮೂರು! ಈ ಲೆಕ್ಕ ಬೋರ್ಡಿನ ಮೇಲೆ ಬರೆದಾಗಲೇ ಹುಡುಗರು ನೆಟ್ಟಗೆ ಕೂತದ್ದು. ಅಷ್ಟೂ ಒಳ್ಳೆಯವಲ್ಲ, ಅದನ್ನೂ ಹೇಳಿದೆ. ನಿರ್ಮಾಪಕರು ಕೇಳಿದ ಕಣ್ಣೀರಿನ ಚಿತ್ರಗಳನ್ನು ಮಾಡಿಕೊಟ್ಟು, ಆ ಸಲಿಗೆಯಲ್ಲಿ ತನಗೆ ಬೇಕಾದ್ದನ್ನು ಮಾಡಿಕೊಂಡವನು.

ಎಲ್ಲರೂ ಮೊದಲು ತೋರಿಸುವುದು 1975ರ 'ಮನಿಲಾ'ವನ್ನು. ಹಳ್ಳಿಯ ಹುಡುಗ ತನ್ನ ಹುಡುಗಿಯನ್ನು ಹುಡುಕಿಕೊಂಡು ಪಟ್ಟಣಕ್ಕೆ ಬರುವ ಕಥೆ. ದೊಡ್ಡ ಚಿತ್ರ, ಸಂಶಯವಿಲ್ಲ. ಆದರೆ ನನ್ನ ಹುಡುಗರು ಅದನ್ನು 'ಆರ್ಟ್ ಫಿಲ್ಮ್' ಎಂಬ ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆಂದು ಗೊತ್ತಿತ್ತು. ಹಾಗಾಗಿ ಅದಕ್ಕೂ ಹಿಂದಿನ ವರ್ಷದ 'ತಿನಿಂಬಾಂಗ್ ಕಾ ಙುನಿತ್ ಕುಲಾಂಗ್'ನಿಂದ ಶುರು ಮಾಡಿದೆ. ಒಂದು ಸಣ್ಣ ಊರು, ಊರವರೆಲ್ಲ ಹಂಗಿಸುವ ಒಬ್ಬ ಹುಚ್ಚಿ, ಅವಳ ಜೊತೆ ಬಾಳುವ ಒಬ್ಬ ಕುಷ್ಠರೋಗಿ, ಇವರಿಬ್ಬರ ಸ್ನೇಹ ಬೆಳೆಸುವ ದೊಡ್ಡಮನೆಯ ಹುಡುಗ. ಊರಿನ ಚಾಡಿ, ಚರ್ಚಿನ ಭಕ್ತಿ, ಅಪ್ಪನ ಗುಟ್ಟು ಎಲ್ಲ ಉಂಟು. ಸೀರಿಯಲ್ಲಿನ ಸಾಮಾನೇ! ಚಿತ್ರ ಗಲ್ಲಾಪೆಟ್ಟಿಗೆಯಲ್ಲೂ ಗೆದ್ದಿತ್ತು. ಸಬ್‌ಟೈಟಲ್ ಇಂಗ್ಲಿಷಿನಲ್ಲಿದ್ದುದರಿಂದ ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹೀಗೆ ನಿಲ್ಲಿಸುವುದು ಚಿತ್ರಕ್ಕೆ ಅನ್ಯಾಯವೇ, ಆದರೆ ಪಾಠಕ್ಕೆ ಲಾಭ.

ಹೆಚ್ಚು ಹೊತ್ತು ಕೂತದ್ದು 1976ರ 'ಇನ್ಸಿಯಾಂಗ್' ಮೇಲೆ. ಮಾರಿಯೋ ಒಹಾರಾ ಬರೆದ ಈ ಕಥೆ ಮೊದಲು ಟಿವಿ ನಾಟಕವಾಗಿತ್ತು ಎಂದಾಗ ಕೋಣೆಯಲ್ಲಿ ಸಣ್ಣ ಸದ್ದಾಯಿತು. ಅಮ್ಮ, ಮಗಳು, ಮನೆಗೆ ಬಂದು ಸೇರಿಕೊಳ್ಳುವ ಅಮ್ಮನ ಪ್ರಿಯಕರ. ಮೂರೇ ಜನ, ಒಂದು ಮನೆ. ಆ ಮನೆ ಇರುವುದು ಮನಿಲಾದ ಟೊಂಡೋ ಕೊಳೆಗೇರಿಯಲ್ಲಿ. ಚಿತ್ರ ತೆರೆದುಕೊಳ್ಳುವುದು ಕಸಾಯಿಖಾನೆಯಲ್ಲಿ: ಹಂದಿಗಳು ಕಿರುಚುತ್ತವೆ, ಚೂರಿ ಇಳಿಯುತ್ತದೆ. ನಾನು ಪ್ರೊಜೆಕ್ಟರಿಗೆ ರಟ್ಟು ಅಡ್ಡ ಹಿಡಿದು ಬರೀ ಸದ್ದು ಕೇಳಿಸಿದೆ. ಆಮೇಲೆ ಸದ್ದು ಪೂರ್ತಿ ತೆಗೆದು ಚಿತ್ರ ಮಾತ್ರ. ಮುಂದೆ ಆ ಪ್ರಿಯಕರ ದಾದೊ ಅದೇ ಕಸಾಯಿಖಾನೆಯಲ್ಲಿ ದುಡಿಯುವವನೆಂದು ತಿಳಿಯುತ್ತದೆ. ಅವನ ಎದೆಯ ಮೇಲೆ ಅವನದೇ ಹೆಸರಿನ ಹಚ್ಚೆ. ಈತ ಎಂಥವನು ಎಂದು ಯಾರ ಬಾಯಲ್ಲೂ ಹೇಳಿಸಬೇಕಾದ್ದಿಲ್ಲ. ನಾವಾಗಿದ್ದರೆ ಪಕ್ಕದ ಮನೆಯವಳಿಂದ ಒಂದು ಪುಟ ಡೈಲಾಗ್ ಹೊಡೆಸುತ್ತಿದ್ದೆವು.

ಆಮೇಲೆ ಎಲ್ಲರ ಕೈಗೂ ಹಾಳೆ ಕೊಟ್ಟು, "ಇನ್ಸಿಯಾಂಗ್ ಮನೆಯ ನಕ್ಷೆ ಬರೀರಿ. ಯಾರು ಎಲ್ಲಿ ಮಲಗ್ತಾರೆ, ಮಾತು ಯಾವ ಕಡೆಯಿಂದ ಹೊರಗೆ ಹೋಗುತ್ತೆ ಗುರುತು ಹಾಕಿ" ಎಂದೆ. ಬರೆಯುತ್ತ ಬರೆಯುತ್ತ ಅವರಿಗೇ ಹೊಳೆಯಿತು: ಆ ಕಥೆ ನಡೆಯುವುದು ಮೂವರ ನಡುವೆ ಮಾತ್ರ ಅಲ್ಲ, ಒಬ್ಬರಿಗೊಬ್ಬರು ಮರೆಯಾಗಲು ಜಾಗವೇ ಇಲ್ಲದ ಆ ಇಕ್ಕಟ್ಟಿನಿಂದ. ಹೊರಗೆ ಅಂಗಡಿಯ ಮುಂದೆ ಕುಡಿಯುತ್ತ ಕೂತ ಗಂಡಸರು, ಓಣಿಯ ಕಿವಿಗಳು. ಟಿವಿಯಿಂದ ಬಂದ ಕಥೆಯ ಕಟ್ಟನ್ನು ಬ್ರೋಕಾ ಬಿಸಾಡಲಿಲ್ಲ. ಅದನ್ನು ಎತ್ತಿ ನಿಜವಾದ ಓಣಿಯಲ್ಲಿಟ್ಟ. ಅತ್ತೆ-ಸೊಸೆ ಕಥೆ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇಷ್ಟೇ. ತಪ್ಪು ಅತ್ತೆಯದೂ ಅಲ್ಲ, ಸೊಸೆಯದೂ ಅಲ್ಲ. ಯಾವ ಊರಿನದೂ ಅಲ್ಲದ ಆ ಬಂಗಲೆಯ ಸೆಟ್ಟಿನದು.

ಪಾಠ ಪಾಠವಾಗಿಯೇ ಉಳಿಯಬಾರದಲ್ಲ. ಆ ವಾರದ ಕಂತಿನಲ್ಲಿ ಅಡುಗೆಮನೆಯ ಜಗಳವೊಂದಿತ್ತು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ: ಇಡೀ ದೃಶ್ಯ ಹಿಡಿಯುವ ಒಂದು ಮಾಸ್ಟರ್ ಶಾಟ್, ನಂತರ ಮನೆಮಂದಿಯ ಮುಖಕ್ಕೆಲ್ಲ ಒಂದೊಂದು ಕ್ಲೋಸಪ್, ಹಿನ್ನೆಲೆಯಲ್ಲಿ ಗುಡುಗು. ಈ ಸಲ ಕ್ಯಾಮೆರಾವನ್ನು ಹೊರಗೆ ಹಾಲ್‌ನಲ್ಲೇ ಬಿಟ್ಟೆವು. ಮಾವ ಪೇಪರ್ ಓದುತ್ತಿದ್ದಾರೆ, ಒಳಗಿನಿಂದ ಜಗಳ ಕೇಳುತ್ತಿದೆ, ನಡುವೆ ಕುಕ್ಕರ್ ಕೂಗುತ್ತದೆ. ಮಾವ ಹಾಳೆ ತಿರುವುವುದಿಲ್ಲ, ಅಷ್ಟೇ. ಸಂಕಲನಕಾರ ಗೊಣಗಿದ, ಚಾನೆಲ್ಲಿನವರು "ಸೊಸೆ ರಿಯಾಕ್ಷನ್ ಎಲ್ಲಿ ಸಾರ್?" ಅಂದರು. ಕೊನೆಗೆ ಒಂದು ಕ್ಲೋಸಪ್ ಕೊಟ್ಟು ರಾಜಿಯಾದೆವು. ಗುಡುಗು ಮಾತ್ರ ಹಾಕಲಿಲ್ಲ.

ರಾಜಿ ಎಂದ ಕೂಡಲೇ ಒಬ್ಬ ಹುಡುಗ ಕೇಳಿದ, "ಬ್ರೋಕಾನೂ ಹೀಗೆ ಬಗ್ಗಿದ್ದನಾ ಸಾರ್?" ಬಗ್ಗಿದ್ದ, ಬಗ್ಗದೆಯೂ ಇದ್ದ. ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ 1972ರಲ್ಲಿ ಸೈನಿಕ ಕಾನೂನು ಹೇರಿದ ಮೇಲೆ ಸೆನ್ಸಾರಿನ ಕತ್ತರಿ ನೆತ್ತಿಯ ಮೇಲೆಯೇ ಇತ್ತು. ಆ ಕಾಲದಲ್ಲೇ ಇನ್ಸಿಯಾಂಗ್ 1978ರಲ್ಲಿ ಕಾನ್‌ನ ಡೈರೆಕ್ಟರ್ಸ್ ಫೋರ್ಟ್‌ನೈಟ್ ವಿಭಾಗಕ್ಕೆ ಹೋಯಿತು. 1985ರಲ್ಲಿ ಜೀಪ್ನಿ (ಜನರನ್ನು ಸಾಗಿಸುವ ಜೀಪಿನಂಥ ಬಾಡಿಗೆ ವಾಹನ) ಚಾಲಕರ ಮುಷ್ಕರ ಬೆಂಬಲಿಸಿದ್ದಕ್ಕೆ ಜೈಲಿಗೂ ಹೋಗಿಬಂದ. ಅದೇ ವರ್ಷ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಪತ್ರಿಕೋದ್ಯಮ-ಸಾಹಿತ್ಯ-ಸೃಜನಶೀಲ ಸಂವಹನ ವಿಭಾಗದಲ್ಲಿ. 1991ರಲ್ಲಿ ಅದೇ ವಿಭಾಗದಲ್ಲಿ ಅದು ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಸಂದಿತು. ಬ್ರೋಕಾ ತೀರಿಕೊಂಡದ್ದೂ ಆ ವರ್ಷವೇ. ಪಾಳು ಕೋಟೆಯಲ್ಲಿ ನಾಟಕ ಆಡಿಸಿದವನಿಗೂ, ಅಡಿಕೆ ತೋಟಗಳ ನಡುವೆ ನಾಟಕ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದವರಿಗೂ ಒಂದೇ ಪ್ರಶಸ್ತಿ. ಹುಡುಗರಲ್ಲಿ ಇಬ್ಬರು ನೀನಾಸಂನವರೇ. ಅವರಿಗೂ ಇದು ಗೊತ್ತಿರಲಿಲ್ಲ.

ಮನಿಲಾ ಮತ್ತು ಇನ್ಸಿಯಾಂಗ್ ಎರಡೂ ಈಗ ಪುನರುಜ್ಜೀವಿತ ಪ್ರತಿಗಳಲ್ಲಿ ಸಿಗುತ್ತವೆ. ಹಳೆಯ ಮಸುಕು ಪ್ರತಿಯಲ್ಲಿ ತೋರಿಸಬೇಡಿ, ಕತ್ತಲ ದೃಶ್ಯಗಳೆಲ್ಲ ಕಲಸಿಹೋಗಿರುತ್ತವೆ. ಮುಂದಿನ ಸಲಕ್ಕೆ 1980ರ 'ಬೋನಾ' ಇಟ್ಟುಕೊಂಡಿದ್ದೇನೆ. ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುವವನೊಬ್ಬನನ್ನು ಆರಾಧಿಸಿ, ಮನೆ ಬಿಟ್ಟು ಬಂದು ಅವನ ಚಾಕರಿ ಮಾಡುವ ಹುಡುಗಿಯ ಕಥೆ. ನೋರಾ ಔನರ್ ನಟಿಸಿದ್ದಾಳೆ. ಅದಕ್ಕೆ ಸಹಾಯಕರ ಜೊತೆಗೆ ನಮ್ಮ ಜೂನಿಯರ್ ಆರ್ಟಿಸ್ಟ್‌ಗಳನ್ನೂ ಕರೆಯುವ ಯೋಚನೆಯಿದೆ. ಅವತ್ತಿನ ಬಾಟಾ (ದಿನಭತ್ಯೆ) ಕೊಟ್ಟೇ ಕರೆಯಬೇಕು, ಮ್ಯಾನೇಜರ್ ಒಪ್ಪಿದರೆ.